ಎರಡನೇ ಪಂಕ್ತಿಯ ಲೆಕ್ಕ

2023ರ ಬೇಸಿಗೆಯ ಹೊತ್ತಿಗೆ ನಾನು ಕಾರವಾರದ ಕಾಲೇಜೊಂದರಿಂದ ಸಂಖ್ಯಾಶಾಸ್ತ್ರದ ಉಪನ್ಯಾಸಕನಾಗಿ ನಿವೃತ್ತನಾಗಿ ಎರಡು ವರ್ಷ ಕಳೆದಿತ್ತು. ಸಂಖ್ಯಾಶಾಸ್ತ್ರ, ಅಂದರೆ ಸ್ಟ್ಯಾಟಿಸ್ಟಿಕ್ಸ್, ನಮ್ಮ ಕಡೆ ಯಾರೂ ಆಸೆಪಟ್ಟು ಓದುವ ವಿಷಯವಲ್ಲ. ಬೇರೆ ಕಾಂಬಿನೇಷನ್ ಸಿಗದವರು ಮುಖ ಸಪ್ಪೆ ಮಾಡಿಕೊಂಡು ಬಂದು ಕೂರುತ್ತಿದ್ದರು. ಅವರಿಗೇ ಪಾಠ ಹೇಳಿ ತಲೆ ನರೆತ ನನಗೆ, ಅಂಕೋಲೆಯ ಗೆಳೆಯರ ಬಳಗವೊಂದು ಹೈಸ್ಕೂಲು ಮಕ್ಕಳಿಗೆ ಬೇಸಿಗೆಯ ಗಣಿತ ಶಿಬಿರ ಮಾಡೋಣ, ನೀವೇ ಸಂಯೋಜಕರಾಗಿ ಎಂದಾಗ ಹಿಗ್ಗು ತಡೆಯಲಾಗಲಿಲ್ಲ. ಪರೀಕ್ಷೆಯಿಲ್ಲ, ಅಂಕವಿಲ್ಲ. ಮಕ್ಕಳು ತಾವೇ ಊರೊಳಗೆ ಅಂಕಿಅಂಶ ಕಲೆಹಾಕಿ, ತಾವೇ ಲೆಕ್ಕ ಮಾಡಿ, ಕೊನೆಯ ದಿನ ತಂದೆತಾಯಿಯರ ಮುಂದೆ ಹೇಳಬೇಕು. ಶಿಬಿರದ ಕರಪತ್ರದಲ್ಲಿ ನಾನೇ ಬರೆದಿದ್ದೆ: ‘ಇಲ್ಲಿ ಯಾರೂ ಮೇಲಲ್ಲ, ಯಾರೂ ಕೀಳಲ್ಲ, ಲೆಕ್ಕ ಸರಿಯಿದ್ದವರೇ ಸರಿ.’ ಆ ಸಾಲು ನೆನಪಾದಾಗಲೆಲ್ಲ ಈಗಲೂ ನಾಚಿಕೆಯಿಂದ ಮೈ ಹಿಡಿಯಷ್ಟಾಗುತ್ತದೆ.

ಅರ್ಜಿ ಹಾಕಿದವರು ನಲವತ್ತು ಮಕ್ಕಳು. ಶಿಬಿರ ನಡೆದದ್ದು ಅಂಕೋಲಾ ಪೇಟೆಗೆ ಹೊಂದಿಕೊಂಡ ಒಂದು ಶಾಲೆಯಲ್ಲಿ. ನಾನು ದಿನಾ ಬೆಳಿಗ್ಗೆ ಕಾರವಾರದಿಂದ ಬಸ್ಸು ಹಿಡಿಯುತ್ತಿದ್ದೆ. ದಾರಿಯಲ್ಲಿ ತೋಡೂರಿನ ಮೂರ್ನಾಲ್ಕು ಮಕ್ಕಳು ಅದೇ ಬಸ್ಸಿಗೆ ಹತ್ತಿ, ನನ್ನನ್ನು ಕಂಡು, ಹಿಂದಿನ ಸೀಟಿಗೆ ಓಡುತ್ತಿದ್ದವು. ಅಂಕೋಲೆ ಸುತ್ತಿನ ಮಕ್ಕಳು ಸೈಕಲ್ಲಿನಲ್ಲೋ ಅಪ್ಪನ ಬೈಕಿನಲ್ಲೋ ಬರುತ್ತಿದ್ದರು. ಒಳಭಾಗದ ಊರುಗಳಿಂದ ಬಂದ ಹತ್ತು ಮಕ್ಕಳು ಪೇಟೆಯ ನೆಂಟರ ಮನೆಗಳಲ್ಲಿ ಉಳಿದುಕೊಂಡಿದ್ದರು. ಮಧ್ಯಾಹ್ನದ ಊಟ ಎಲ್ಲರಿಗೂ ಶಾಲೆಯಲ್ಲೇ.

ಶಿಬಿರ ಶುರುವಾಗುವ ಎರಡು ದಿನ ಮೊದಲು ಆ ಹತ್ತು ಮಕ್ಕಳಲ್ಲಿ ಒಬ್ಬಳಾದ ಅನಘಾಳ ತಂದೆ ನನ್ನನ್ನು ಕಾಣಲು ಬಂದರು. ಓದಿದವರು, ಮೆದು ಮಾತಿನವರು. ಶಿಬಿರದ ವಿಷಯ ಹೊಗಳಿ, ನನ್ನ ಆರೋಗ್ಯ ಕೇಳಿ, ಎದ್ದು ಹೊರಡುವಾಗ ಬಾಗಿಲ ಬಳಿ ನಿಂತರು.

“ಒಂದು ಸಣ್ಣ ವಿಷ್ಯ ಸರ್. ನಮ್ಮ ಕಡೆ ಹತ್ತು ಮಕ್ಕಳು ಮೊದಲ್ನೇ ಪಂಕ್ತಿಗೆ ಕೂತ್ರೆ ಸಾಕು, ಅವರವರಷ್ಟಕ್ಕೆ. ಮತ್ತೆಂತದೂ ಬೇಡ. ನಮ್ಗೆಲ್ಲ ಅದೆಲ್ಲ ಇಲ್ಲ. ಮನೇಲಿ ಹಿರಿಯರು ಕೇಳ್ತಾರಲ್ಲ, ಏನು ಹೇಳೂದು?”

ಅಡುಗೆ ಎಲ್ಲರಿಗೂ ಒಂದೇ, ಸಸ್ಯಾಹಾರ. ಬಡಿಸುವವರೂ ಒಬ್ಬರೇ. ಹಾಗಿರುವಾಗ ಪಂಕ್ತಿ ಬೇರೆ ಯಾಕೆ ಎಂದು ಕೇಳಬೇಕಿತ್ತು. ಕೇಳುವ ಅಗತ್ಯವಿರಲಿಲ್ಲ, ಉತ್ತರ ನನಗೂ ಗೊತ್ತು, ಅವರಿಗೂ ಗೊತ್ತು. ಜಾತಿ ಎಂಬ ಶಬ್ದವನ್ನು ಅವರೂ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಹೇಳಲಿಲ್ಲ. ಒಪ್ಪದಿದ್ದರೆ ಹತ್ತು ಮಕ್ಕಳೂ ಬರುವುದಿಲ್ಲ ಎಂಬುದು ಮಾತ್ರ ಇಬ್ಬರಿಗೂ ಅರ್ಥವಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು “ನೋಡೋಣ ಬಿಡಿ” ಎಂದೆ. ನಮ್ಮ ಜಿಲ್ಲೆಯಲ್ಲಿ ‘ನೋಡೋಣ ಬಿಡಿ’ ಅಂದರೆ ಆಯಿತು ಎಂದೇ ಅರ್ಥ.

ಊಟದ ಜಗುಲಿಯಲ್ಲಿ ಒಂದು ಸಲಕ್ಕೆ ಇಪ್ಪತ್ತು ಮಕ್ಕಳು ಮಾತ್ರ ಕೂರಬಹುದಾಗಿತ್ತು. ಅದು ನಿಜವೇ. ಆ ನಿಜದ ಬೆನ್ನಿಗೆ ನನ್ನ ಸುಳ್ಳನ್ನು ಕೂರಿಸಿದೆ. ಮೊದಲ ದಿನ ಮಕ್ಕಳ ಮುಂದೆ ನಿಂತು, “ಊಟಕ್ಕೆ ಎರಡು ಪಂಕ್ತಿ. ಯಾರು ಯಾವುದಕ್ಕೆ ಎಂದು ಚೀಟಿ ಎತ್ತಿದ್ದೇನೆ, ಸಂಪೂರ್ಣ ರ್‍ಯಾಂಡಮ್” ಎಂದು ಹೆಸರು ಓದಿದೆ. ಆ ಹತ್ತು ಹೆಸರು ಮೊದಲ ಪಂಕ್ತಿಗೆ, ಜಗುಲಿಯ ಒಂದು ಬದಿಯ ಸಾಲಿಗೆ ಒಟ್ಟಿಗೇ ಬಂದವು. ಯಾವ ಒಲವೂ ಇಲ್ಲದೆ, ಪ್ರತಿಯೊಬ್ಬರಿಗೂ ಸಮಾನ ಅವಕಾಶವಿರುವಂತೆ ಆರಿಸುವುದಕ್ಕೆ ನಮ್ಮ ಶಾಸ್ತ್ರದಲ್ಲಿ ರ್‍ಯಾಂಡಮ್ ಎನ್ನುತ್ತಾರೆ. ಇಡೀ ಶಾಸ್ತ್ರ ನಿಂತಿರುವುದೇ ಆ ಒಂದು ಶಬ್ದದ ಮೇಲೆ. ಪೂಜಾರಿ ದೇವರ ಮೇಲೆ ಸುಳ್ಳು ಆಣೆ ಇಟ್ಟ ಹಾಗೆ ನಾನು ಅದನ್ನೇ ಬಳಸಿದೆ.

ಅದೇ ದಿನ ಮಧ್ಯಾಹ್ನ ಮಕ್ಕಳಿಗೆ ರ್‍ಯಾಂಡಮ್ ಎಂದರೇನು ಎಂದು ಪಾಠವನ್ನೂ ಮಾಡಿದೆ. ಪೇಟೆಯಿಂದ ಒಂದು ಬುಟ್ಟಿ ಕರಿ ಇಶಾಡು ಮಾವು ತರಿಸಿದ್ದೆ. ಮೇಲೆ ಮಾತ್ರ ಚೆಂದದ ಹಣ್ಣು ಇಡುವುದು ಮಾರುವವರ ಹಳೇ ವಿದ್ಯೆ. “ಮೇಲಿನದನ್ನೇ ಎತ್ತಿ ನೋಡಿ ಬುಟ್ಟಿಯೆಲ್ಲ ಒಳ್ಳೇದು ಅನ್ನಬಾರದು. ತಳದವರೆಗೆ ಕೈ ಹಾಕಿ, ಕಲಸಿ, ಕಣ್ಣುಮುಚ್ಚಿ ಎತ್ತಬೇಕು” ಎಂದೆ. ಪೇಟೆಯ ಪಕ್ಕದ ಬೊಬ್ರುವಾಡದ ವೀಣಾ ಎಂಬ ಹುಡುಗಿ ಮೊಣಕೈವರೆಗೆ ಬುಟ್ಟಿಯಲ್ಲಿ ಕೈಹಾಕಿ ತಳದಿಂದ ಒಂದು ಕೊಳೆತ ಹಣ್ಣು ಎತ್ತಿ ತೋರಿಸಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ವೀಣಾ ಹತ್ತನೇ ತರಗತಿಗೆ ಕಾಲಿಡುವವಳು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವಳು ಅನಘಾಳ ಪಕ್ಕದಲ್ಲಿ ಕೂತವಳು ಮತ್ತೆ ಏಳಲೇ ಇಲ್ಲ. ಒಬ್ಬಳು ಲೆಕ್ಕ ಶುರುಮಾಡಿದರೆ ಇನ್ನೊಬ್ಬಳು ಮುಗಿಸುವುದು, ಒಂದೇ ಪೆನ್ಸಿಲ್ಲು, ಒಂದೇ ನೀರಿನ ಬಾಟಲಿ. ಊಟದ ಗಂಟೆ ಹೊಡೆದಾಗ ಮಾತ್ರ ಅನಘಾ ಏಳಬೇಕು, ವೀಣಾ ಕೂತಿರಬೇಕು. ಮೂರನೇ ದಿನ ವೀಣಾ ಬಂದು ಕೇಳಿದಳು.

“ಸರ್, ಅನಘಾ ನಮ್ಮ ಪಂಕ್ತಿಗೆ ಬರೂಕಾಗೂದಿಲ್ವಾ?”

“ಚೀಟಿಯಲ್ಲಿ ಬಂದದ್ದಮ್ಮಾ, ನಾನೇನು ಮಾಡಲಿ?” ಎಂದೆ.

ಆ ಪ್ರಶ್ನೆ ನನ್ನನ್ನು ಚುಚ್ಚಿರಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಕೇಳದಿದ್ದರೂ ಎರಡನೇ ವಾರದ ಮೊದಲ ದಿನ “ಮತ್ತೊಮ್ಮೆ ಚೀಟಿ ಎತ್ತಿದ್ದೇನೆ, ಪಂಕ್ತಿ ಬದಲು” ಎಂದು ಹೊಸದಾಗಿ ಹೆಸರು ಓದಿದೆ. ಉಳಿದ ಮೂವತ್ತು ಮಕ್ಕಳನ್ನು ಸರಿಯಾಗಿ ಕಲಸಿದ್ದೆ. ಆ ಹತ್ತು ಹೆಸರು ಮಾತ್ರ ಕದಲಲಿಲ್ಲ. ಇದರಿಂದ ಎಲ್ಲರ ಅನುಮಾನ ಹೋಗುತ್ತದೆ ಎಂದು ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಒಂದು ಸಲದ ಅಂಕಿಯಿಂದ ಏನೂ ತಿಳಿಯುವುದಿಲ್ಲ, ಎರಡನೇ ಸಲದ್ದು ಸಿಕ್ಕರೆ ಹೋಲಿಸಿ ನೋಡಬಹುದು ಎಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಆ ಎರಡನೇ ಸಲದ ಅಂಕಿಯನ್ನು ನಾನೇ ಮಕ್ಕಳ ಕೈಗೆ ಕೊಟ್ಟಿದ್ದೆ.

ಕೊನೆಯ ದಿನದ ಪ್ರಾಜೆಕ್ಟಿಗೆ ವಿಷಯ ಆರಿಸುವ ಸಮಯ ಬಂತು. ಮಕ್ಕಳು ಜೋಡಿ ಜೋಡಿಯಾಗಿ ಬಂದು ವಿಷಯ ಹೇಳಿ ಒಪ್ಪಿಗೆ ಪಡೆಯಬೇಕು. ವೀಣಾ ಮತ್ತು ಅನಘಾ ಎಲ್ಲರೂ ಹೋಗಲಿ ಎಂದು ಕಾದಿದ್ದು ಆಮೇಲೆ ಬಂದರು.

“ನಾವು ಪಂಕ್ತಿ ಲೆಕ್ಕ ಮಾಡಿದ್ದೇವೆ ಸರ್,” ವೀಣಾ ಶುರುಮಾಡಿದಳು. “ಎಲ್ಲರ ಹತ್ರನೂ ಕೇಳಿದ್ವಿ. ಒಳಭಾಗದ ಊರಿಂದ ಬಂದ ಹತ್ತೂ ಜನ ಎರಡೂ ಸಲ ಮೊದಲ್ನೇ ಪಂಕ್ತಿಲೇ ಇದ್ರು. ನಾಣ್ಯ ಹತ್ತು ಸಲ ಹಾರ್ಸಿ ಹತ್ತೂ ಹೆಡ್ಡೇ ಬೀಳೂದು ಅಂದ್ರೆ ಸಾವಿರಕ್ಕೆ ಒಂದ್ಸಲ. ಎರಡೂ ಚೀಟಿಲೂ ಹಾಂಗೇ ಬರ್ಬೇಕಂದ್ರೆ ಹತ್ತು ಲಕ್ಷಕ್ಕೆ ಒಂದು. ಆ ಹತ್ತು ಜನ ಯಾವ್ಯಾವ ಮನೆಯವ್ರು ಅಂತ್ಲೂ ನೋಡ್ದೆವು ಸರ್.”

ಅಲ್ಲಿಗೆ ನಿಲ್ಲಿಸಿದಳು. ಅನಘಾ ನೆಲ ನೋಡುತ್ತಿದ್ದಳು. ಲೆಕ್ಕ ಅಚ್ಚುಕಟ್ಟಾಗಿತ್ತು. ಇನ್ನೂ ಸೂಕ್ಷ್ಮವಾಗಿ ಮಾಡಿದ್ದರೆ ಆ ಸಾಧ್ಯತೆ ಮತ್ತೂ ಕಡಿಮೆಯಾಗುತ್ತಿತ್ತು, ಅಷ್ಟೇ ವ್ಯತ್ಯಾಸ. ನನ್ನ ಇಡೀ ಸೇವೆಯಲ್ಲಿ ಒಬ್ಬ ವಿದ್ಯಾರ್ಥಿಯೂ ನಾನು ಕಲಿಸಿದ್ದನ್ನು ಇಷ್ಟು ಚೆನ್ನಾಗಿ ಬಳಸಿದ್ದಿಲ್ಲ. ಮತ್ತೊಂದು ಸಂದರ್ಭದಲ್ಲಾಗಿದ್ದರೆ ಆ ಹುಡುಗಿಯನ್ನು ಊರೆಲ್ಲ ಹೊಗಳಿಕೊಂಡು ಬರುತ್ತಿದ್ದೆ.

ಆದರೆ ಕೊನೆಯ ದಿನದ ಸಭೆ, ಮುಂದಿನ ಸಾಲಿನಲ್ಲಿ ಕೂತ ತಂದೆತಾಯಂದಿರು, ಅನಘಾಳ ಅಪ್ಪನ ಮುಖ, ಎಲ್ಲ ಕಣ್ಣ ಮುಂದೆ ಬಂತು. ಗಂಟಲು ಸರಿಮಾಡಿಕೊಂಡು ಒಂದು ಉಪನ್ಯಾಸವನ್ನೇ ಕೊಟ್ಟೆ. ಮೊದಲು ಅಂಕಿ ನೋಡಿ, ಆಮೇಲೆ ಅದಕ್ಕೆ ತಕ್ಕ ಪ್ರಶ್ನೆ ಕಟ್ಟಬಾರದು; ಹಾಗೆ ಹುಡುಕಿದರೆ ಎಲ್ಲಾದರೂ ಒಂದು ವಿಚಿತ್ರ ಕಂಡೇ ಕಾಣುತ್ತದೆ; ನಲವತ್ತು ಮಕ್ಕಳೆಂದರೆ ತೀರ ಸಣ್ಣ ಸಂಖ್ಯೆ; ಇದು ಬರೀ ಕಾಕತಾಳೀಯ, ಅಂದರೆ ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದದ್ದು. ಒಂದೊಂದು ಮಾತೂ ಪುಸ್ತಕದಲ್ಲಿ ಇರುವಂಥದ್ದೇ. ಅದನ್ನು ಹೇಳುತ್ತಿದ್ದ ಬಾಯಿ ಮಾತ್ರ ಕಳ್ಳನದು.

ವೀಣಾ ಪೂರ್ತಿ ಕೇಳಿಸಿಕೊಂಡಳು. “ಹಾಂಗಾದ್ರೆ ನಮ್ಮ ಲೆಕ್ಕ ತಪ್ಪಾ ಸರ್?”

“ತಪ್ಪು” ಎಂದೆ.

ಪಂಕ್ತಿ ಬೇರೆ ಮಾಡಿದ್ದಕ್ಕೆ ನಾಚಿಕೆಯಿದೆ. ಆದರೆ ಅದಕ್ಕಿಂತ ಹೆಚ್ಚು ನಾಚಿಕೆ ಈ ಒಂದು ಶಬ್ದಕ್ಕೆ. ಸರಿಯಾದ ಲೆಕ್ಕ ಮಾಡಿದ ಮಗುವಿಗೆ ಗೊತ್ತಿದ್ದೂ ತಪ್ಪು ಎಂದ ಮಾಸ್ತರ ನಾನು.

ಕೊನೆಯ ದಿನ ಆ ಇಬ್ಬರು ಹೆದ್ದಾರಿಯ ಕೂಡುರಸ್ತೆಯಲ್ಲಿ ನಿಂತು ಹೆಲ್ಮೆಟ್ ಹಾಕಿದ ಮತ್ತು ಹಾಕದ ಬೈಕಿನವರ ಲೆಕ್ಕ ಮಾಡಿದ್ದನ್ನು ಹೇಳಿದರು. ಸಾಧಾರಣ ಪ್ರಾಜೆಕ್ಟು. ಮುಗಿಸುವಾಗ ವೀಣಾ ಮೈಕನ್ನು ಇನ್ನೊಂದು ಕ್ಷಣ ಹಿಡಿದುಕೊಂಡಳು.

“ನಾವು ಮೊದ್ಲು ಬೇರೆ ಒಂದು ಲೆಕ್ಕ ಮಾಡಿದ್ವಿ. ಅದು ಕಾಕತಾಳೀಯ, ತಪ್ಪು ಲೆಕ್ಕ ಅಂತ ನಮ್ಮ ಸರ್ ಹೇಳಿದ್ರು. ಅವ್ರಿಗೆ ಧನ್ಯವಾದ.” ಹೀಗೆಂದು ನನ್ನ ಕಡೆ ತಿರುಗಿ ನಿಂತಳು.

ಸಭೆ ಚಪ್ಪಾಳೆ ತಟ್ಟಿತು. ಎಲ್ಲರೂ ನನ್ನತ್ತ ನೋಡುತ್ತಿದ್ದರು. ನಾನೂ ಚಪ್ಪಾಳೆ ತಟ್ಟಿದೆ. ಕಾರ್ಯಕ್ರಮ ಮುಗಿದ ಮೇಲೆ ಅನಘಾಳ ತಂದೆ ಬಂದು ಕೈ ಹಿಡಿದುಕೊಂಡು, “ಎಲ್ಲಾ ಸುಸೂತ್ರ ಆಯ್ತು ಸರ್” ಎಂದರು. ಹೌದು, ಎಲ್ಲ ಸುಸೂತ್ರವಾಗಿತ್ತು.

ಕಾರವಾರಕ್ಕೆ ಬಂದ ಮೇಲೆ ಅನ್ನ ಸೇರಲಿಲ್ಲ. ಹುಡುಗಿ ನನ್ನನ್ನು ನಂಬಿಬಿಟ್ಟಳಲ್ಲ, ಇನ್ನು ಮುಂದೆ ತನ್ನ ಲೆಕ್ಕವನ್ನೇ ನಂಬುವುದಿಲ್ಲವಲ್ಲ ಎಂಬುದೇ ಕೊರೆಯುತ್ತಿತ್ತು. ನಿಜ ಹೇಳದೆ ಗತಿಯಿಲ್ಲ ಎಂದು ಗಟ್ಟಿಮಾಡಿಕೊಂಡು, ವಾರ ಕಳೆಯುವುದರೊಳಗೆ ಬೊಬ್ರುವಾಡಕ್ಕೆ ಹೋದೆ. ಅಂಗಳದಲ್ಲಿ ವೀಣಾಳ ತಾಯಿ ಮುರುಗಲ ಹಣ್ಣಿನ, ಅಂದರೆ ಕೋಕಂನ, ಸಿಪ್ಪೆ ಬಿಸಿಲಿಗೆ ಹರಡುತ್ತಿದ್ದರು. ಅದರ ರಸಕ್ಕೆ ಕೈ ಕೆಂಪಾಗಿತ್ತು. ನನ್ನನ್ನು ಕಂಡು ಗಡಿಬಿಡಿಯಲ್ಲಿ ಸೆರಗಿಗೆ ಒರೆಸಿಕೊಂಡು, “ಬರ್ರಿ ಮಾಸ್ತರ್ರೇ, ಒಳಗೆ ಬರ್ರಿ. ಊಟ ಮಾಡ್ಕಂಡೇ ಹೋಗೂದು” ಎಂದರು.

ಒಳಗೆ ಕೂತು, ತಾಯಿ ಮಗಳಿಬ್ಬರ ಎದುರಿಗೇ ಎಲ್ಲ ಹೇಳಿದೆ. ಚೀಟಿ ಎತ್ತಿರಲಿಲ್ಲ. ಯಾರೋ ಕೇಳಿಕೊಂಡರು, ನಾನು ಒಪ್ಪಿದೆ. ಲೆಕ್ಕ ಸರಿಯಿತ್ತು. ಹೇಳಿ ಮುಗಿಸಿ ವೀಣಾಳ ಮುಖ ನೋಡಿದೆ. ಅವಳಿಗೆ ಆಶ್ಚರ್ಯವೇ ಆಗಿರಲಿಲ್ಲ.

“ಸರಿ ಅಂತ ನಂಗೆ ಗೊತ್ತಿತ್ತು ಸರ್. ಅನಘಾ ಹೆದ್ರಿದ್ಳು, ಅವ್ಳ ಅಪ್ಪ ಕರ್ಕಂಡ್ ಹೋಗ್ತಾರೆ ಅಂತ. ಅದಕ್ಕೆ ಬೇರೆ ಪ್ರಾಜೆಕ್ಟ್ ಮಾಡಿದ್ವಿ.”

“ಹಾಗಾದರೆ ಸಭೆಯಲ್ಲಿ ನನಗೆ ಧನ್ಯವಾದ ಯಾಕೆ ಹೇಳಿದೆ?”

“ಹಾಂಗಂದ್ರೆ ನೀವು ಎದ್ದು ನಿಂತು, ಅಲ್ಲ, ಅವ್ರ ಲೆಕ್ಕ ಸರಿ ಅದೆ ಅಂತ ಹೇಳ್ತ್ರಿ ಅಂದ್ಕಂಡಿದ್ದೆ. ನೀವು ಚಪ್ಪಾಳೆ ಹೊಡೆದ್ರಿ.”

ತಾಯಿ ಮಗಳಿಗೆ ಗದರಲಿಲ್ಲ, ನನಗೂ ಬಯ್ಯಲಿಲ್ಲ. ತಟ್ಟೆ ಹಾಕುತ್ತಾ ಹೇಳಿದರು: “ಎರಡ್ನೇ ಪಂಕ್ತಿ ನಮ್ಗೆಲ್ಲ ರೂಢಿ ಅದೆ ಮಾಸ್ತರ್ರೇ. ಈ ಹುಡ್ಗಿಗೆ ರೂಢಿ ಆಗೂದ್ ಬ್ಯಾಡ ಅಂತ್ಲೇ ನಿಮ್ಮ ಶಿಬಿರಕ್ಕೆ ಕಳ್ಸಿದ್ದು.”

ಬೇರೆ ಯಾರ ಮಾತೂ ನನ್ನನ್ನು ಅಷ್ಟು ಸಣ್ಣವನನ್ನಾಗಿ ಮಾಡಿದ್ದಿಲ್ಲ. ಅವರು ಬಡಿಸಿದ್ದನ್ನು ಮೂವರೂ ಒಟ್ಟಿಗೆ ಕೂತು ಉಂಡೆವು. ನನ್ನ ಶಿಬಿರದಲ್ಲಿ ಆಗದ ಪಂಕ್ತಿ ಆ ಮನೆಯಲ್ಲಿ ಆಯಿತು.

ಮರುವರ್ಷ ಶಿಬಿರಕ್ಕೆ ಮೊದಲೇ ಎಲ್ಲ ಮನೆಗಳಿಗೂ ಫೋನು ಮಾಡಿ, ಊಟಕ್ಕೆ ಕೂರುವುದು ಮಕ್ಕಳ ಎದುರಿಗೇ ಎತ್ತಿದ ಚೀಟಿಯಂತೆ ಎಂದು ತಿಳಿಸಿದೆ. ಕೆಲವರು ‘ನೋಡೋಣ ಬಿಡಿ’ ಎಂದು ಫೋನು ಇಟ್ಟರು; ಆ ಮಾತಿನ ಅರ್ಥ ಈ ಸಲ ಬೇರೆಯಾಗಿತ್ತು, ಅವರ ಮಕ್ಕಳು ಬರಲಿಲ್ಲ. ಅನಘಾಳ ತಂದೆಗೂ ಹೇಳಿದೆ. “ಅವ್ಳೇ ಹಟ ಹಿಡ್ದು ಕೂತಿದ್ದಾಳೆ ಸರ್, ಕಳಿಸ್ತೇನೆ” ಎಂದರು. ಹತ್ತನೇ ತರಗತಿ ಮುಗಿಸಿದ್ದ ಆ ಇಬ್ಬರನ್ನೂ ಚಿಕ್ಕವರಿಗೆ ಹೇಳಿಕೊಡಲು ಕರೆದಿದ್ದೆ.

ಮೊದಲ ದಿನ ಚೀಟಿಗಳನ್ನು ಒಂದು ಸ್ಟೀಲಿನ ಪಾತ್ರೆಯಲ್ಲಿ ಹಾಕಿ, “ನೀನೇ ಎತ್ತು” ಎಂದು ವೀಣಾಳ ಮುಂದೆ ಹಿಡಿದೆ. ಮಕ್ಕಳೆಲ್ಲ ನೋಡುತ್ತಿದ್ದರು. ಅವಳು ಕೂಡಲೇ ಎತ್ತಲಿಲ್ಲ. ಪಾತ್ರೆಯನ್ನು ಮೇಜಿನ ಮೇಲೆ ಬೋರಲು ಹಾಕಿ, ಒಂದೊಂದೇ ಚೀಟಿ ಬಿಡಿಸಿ, ಎಲ್ಲರ ಹೆಸರೂ ಇದೆಯೇ ಎಂದು ಓದಿ ನೋಡಿದಳು. ಆಮೇಲೆ ಮಡಚಿ ಹಾಕಿ, ತಳದವರೆಗೆ ಕೈಯಿಟ್ಟು ಕಲಸಿದಳು.

ಶಿಕ್ಷಕ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಮಾಸ್ತರನ ಮಾತನ್ನು ಮಕ್ಕಳು ಒಂದು ಸಲ ಪುಕ್ಕಟೆ ನಂಬುತ್ತವೆ, ಎರಡನೇ ಸಲ ಪರೀಕ್ಷಿಸಿ ನಂಬುತ್ತವೆ. ಅದು ಅವರ ಹಕ್ಕು. ಅವಳು ಎಣಿಸಿ ಮುಗಿಸುವವರೆಗೆ ನಾನು ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತಿದ್ದೆ.