ಬಿಸ್ಲು ಬಂತು, ಏಳಿ

ಸಾಗರದಲ್ಲಿ ನಮ್ಮ ಪಕ್ಕದ ಮನೆಯ ಅತ್ತೆ ಮಳೆಗಾಲದಲ್ಲಿ ದಿಂಬು ಮೂಸಿ ನೋಡದೆ ಯಾರನ್ನೂ ಮಲಗಲು ಬಿಡುತ್ತಿರಲಿಲ್ಲ. ಮುಗ್ಗಲು ಹಿಡಿದರೆ ಅವರ ಗಂಡನಿಗೆ ಸೀನು, ಉಬ್ಬಸ. "ಬೂಷ್ಟು ಎಂತ ನೆಂಟನಾ, ಕೂರಿಸಿ ಕಾಫಿ ಕೊಡ್ಲಿಕ್ಕೆ?" ಎನ್ನುತ್ತಿದ್ದರು. ಮೋಡ ಸರಿದರೆ ಸಾಕು, ಹಾಸಿಗೆಗಳೆಲ್ಲ ಅಂಗಳದಲ್ಲಿ.

ಒಮ್ಮೆ ಅತ್ತೆಯ ಮಗಳನ್ನು ನೋಡಲು ತೀರ್ಥಹಳ್ಳಿಯಿಂದ ಗಂಡಿನ ಕಡೆಯವರು ಬಂದಿದ್ದರು. ನೆಂಟರಿಗೆಂದು ಪೆಟ್ಟಿಗೆಯಿಂದ ತೆಗೆದ ಜಮಖಾನದ ಮೇಲೆ ಕೂತ ಗಂಡಿನ ಅಪ್ಪ ಸೀನುತ್ತಲೇ ಇದ್ದರು. ಅಷ್ಟರಲ್ಲಿ ಬಿಸಿಲು ಬಿತ್ತು. ಅತ್ತೆ ಕೇಸರಿಬಾತಿನ ತಟ್ಟೆ ಕೆಳಗಿಟ್ಟು, "ಏಳಿ ಮಾರಾಯ್ರೆ, ಬಿಸ್ಲು ಬಂತು!" ಎಂದರು.

ಸಂಬಂಧ ಮುರಿಯಿತೆಂದೇ ಎಲ್ಲರೂ ತಿಳಿದೆವು. ಆದರೆ ಗಂಡಿನ ಅಪ್ಪ ಎದ್ದು, ಶಲ್ಯ ಸೊಂಟಕ್ಕೆ ಬಿಗಿದು, ಜಮಖಾನದ ಇನ್ನೊಂದು ತುದಿ ಹಿಡಿದರು. ಅಂಗಳದಲ್ಲಿ ಕೊಡವುತ್ತಾ, "ಮಗಳಿಗೂ ಇದೆಲ್ಲ ಕಲಿಸಿದ್ರಾ?" ಎಂದು ಕೇಳಿದರು.

ಉತ್ತರ ಒಳಗಿನಿಂದಲೇ ಬಂತು. ಹುಡುಗಿ, ಕುರ್ಚಿಯಲ್ಲಿ ದಿಂಬಿಗೆ ಒರಗಿ ಕೂತಿದ್ದ ಗಂಡಿಗೆ ಹೇಳುತ್ತಿದ್ದಳು: "ಸ್ವಲ್ಪ ಏಳ್ತೀರಾ? ಆ ದಿಂಬೂ ಬಿಸ್ಲಿಗೆ ಹಾಕ್ಬೇಕು."