ಹನ್ನೆರಡು ಗ್ರಹಗಳ ಅಶ್ವತ್ಥ

ವಿಜಯವಾಡದ ನಮ್ಮ ಕನ್ನಡದವರ ನಡುವೆ ‘ಅಶ್ವತ್ಥ’ ಎಂದರೆ ಯಾರದು ಎಂದು ಕೇಳುವವರೇ ಹೆಚ್ಚು. ‘ಚುಕ್ಕಿ ಗುಮಾಸ್ತ’ ಎಂದರೆ ಎಲ್ಲರಿಗೂ ಗೊತ್ತು, ಎಲ್ಲರಿಗೂ ನಗು. ತಿಪಟೂರಿನ ಕಡೆಯವರು. ಬ್ಯಾಂಕು ಅವರನ್ನು ಎರಡು ವರ್ಷಕ್ಕೆಂದು ಇಲ್ಲಿಗೆ ವರ್ಗ ಮಾಡಿ, ಆಮೇಲೆ ಮರೆತುಬಿಟ್ಟಿತ್ತು. ಬಾಡಿಗೆ ಮನೆಯ ತಾರಸಿಯಲ್ಲಿ ದುರ್ಬೀನು ನಿಲ್ಲಿಸಿಕೊಂಡು, ಸಿಕ್ಕಿದವರನ್ನೆಲ್ಲ ಕರೆದು ಶನಿಯ ಬಳೆ ತೋರಿಸುವುದು ಅವರ ಚಟ. ಬಂದವರಿಗೆಲ್ಲ ಕಾಫಿ ಕೊಟ್ಟು ಸಾಕಾಗಿದ್ದ ಅವರ ಹೆಂಡತಿ ಕಮಲಾ ಹೇಳುತ್ತಿದ್ದರು: “ಸುಮ್ನಿದ್ರೂ ಹುಡುಕ್ಕೊಂಡು ಬರೋನು ಶನಿ. ನಮ್ಮನೆಯವ್ರು ಲೆನ್ಸ್ ಹಾಕಿ ಕರೀತಾರೆ.”

ಆಸಾಮಿಗೆ ಇನ್ನೊಂದು ರೋಗವೂ ಇತ್ತು. ಹಿಂದೊಮ್ಮೆ ಬ್ಯಾಂಕಿನಲ್ಲಿ ಹೊಸ ಸುತ್ತೋಲೆ ಬಂದ ಮರುದಿನ, ಅದನ್ನು ನೋಡದೆ, ಹಳೆಯ ನಿಯಮದಂತೆ ಒಂದು ಅರ್ಜಿ ಪಾಸು ಮಾಡಿ ಮೆಮೊ ತಿಂದಿದ್ದರು. ಬಡ್ತಿ ಅಲ್ಲಿಗೇ ನಿಂತಿತು. ಅಂದಿನಿಂದ ಹೆಡ್ ಆಫೀಸಿನಿಂದ ಏನೇ ಬರಲಿ, ಇಡೀ ಶಾಖೆಯಲ್ಲಿ ಮೊದಲು ಜಾರಿ ಮಾಡುವವರು ಅಶ್ವತ್ಥ. ಕಾಗದದ ನೆತ್ತಿಯ ಮೇಲೆ ‘ಕರಡು’ ಎಂದು ಬರೆದಿದ್ದರೂ ಸರಿಯೆ. ಮೇಲಿನವರ ಕರಡನ್ನು ಕೆಳಗಿನವರು ಬದಲಾಯಿಸಿದ್ದನ್ನು ಆ ಬ್ಯಾಂಕಿನಲ್ಲಿ ಯಾರೂ ಕಂಡಿರಲಿಲ್ಲವಾದ್ದರಿಂದ ಅದು ಜಾಣತನವೇ ಆಗಿತ್ತು.

ನನ್ನ ಅಂಗಡಿ ಗವರ್ನರ್‌ಪೇಟೆಯಲ್ಲಿ. ಶಾಲೆಗಳಿಗೆ ಭೂಗೋಳ, ಗಾಜಿನ ನಳಿಕೆ, ಪ್ಲಾಸ್ಟಿಕ್ಕಿನ ಅಸ್ಥಿಪಂಜರ, ಗೋಡೆಗೆ ತೂಗುಹಾಕುವ ಚಾರ್ಟು ಮಾರುತ್ತೇನೆ. 2006ರಲ್ಲಿ ವಿಶಾಖಪಟ್ಟಣದ ನನ್ನ ಗಿರಾಕಿ ಶಾಲೆಯೊಂದು ವಿಜ್ಞಾನದ ಹಾಲ್ ಕಟ್ಟಿಸಿತು. ಹಿಡಿಕೆ ತಿರುಗಿಸಿದರೆ ಗ್ರಹಗಳು ಸೂರ್ಯನ ಸುತ್ತ ಸುತ್ತುವಂಥ ದೊಡ್ಡ ಮಾದರಿ ಬೇಕೆಂದು ಅದರ ಪ್ರಿನ್ಸಿಪಾಲ್ ಸೂರ್ಯಕಾಂತಮ್ಮ ಕೇಳಿದರು. ನಾನು ಕೆಲಸವನ್ನು ಅಶ್ವತ್ಥರಿಗೆ ಒಪ್ಪಿಸಿದೆ. ಅವರು ಕೂಲಿಯ ಮಾತೇ ಆಡಲಿಲ್ಲ. ಇಂಥವರು ಸಿಕ್ಕರೆ ವ್ಯಾಪಾರಿಯಾದವನು ಎರಡನೇ ಸಲ ಕೇಳಬಾರದು.

“ಒಂದೇ ಒಂದು ಶೆಟ್ರೇ,” ಎಂದರು. “ಪೀಠದ ಮೇಲೆ ಹಿತ್ತಾಳೆ ಫಲಕದಲ್ಲಿ ನನ್ನ ಹೆಸ್ರು. ಬ್ಯಾಂಕಲ್ಲಿ ಮೇಜಿನ್ ಮೇಲೂ ನನ್ನ ಹೆಸ್ರಿಲ್ಲ. ಅಲ್ಲಾದ್ರೂ ಮಕ್ಕಳು ಓದ್ಲಿ.”

ಸೂರ್ಯಕಾಂತಮ್ಮ ಒಪ್ಪಿದರು. ಫಲಕದ ಬರಹವನ್ನು ಅಶ್ವತ್ಥ ನನಗೆ ತೋರಿಸಿದರು: ‘ಒಂಬತ್ತು ಗ್ರಹಗಳ ಸೌರಮಂಡಲ. ನಿರ್ಮಾಣ: ಕೆ. ಅಶ್ವತ್ಥ.’ ಮೇಲೆ ತೆಲುಗಿನಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ.

“ಅಂಕಿ ತೆಗೀರಿ ಸ್ವಾಮಿ,” ಎಂದೆ. “ಅಂಕಿ ಬರೆದ ಮಾಲು ಬೇಗ ಹಳಸುತ್ತೆ. ನನ್ನ ಚಾರ್ಟ್ ನೋಡಿ, ಬರೀ ‘ಸೌರಮಂಡಲ’. ಎಣಿಸೋ ಕೆಲಸ ಗಿರಾಕೀದು.”

“ಅಂಕೀನೇ ಇಲ್ದಿದ್ರೆ ಅದು ವಿಜ್ಞಾನ ಹೇಗಾಗುತ್ರೀ?” ಎಂದು ನನ್ನ ಕಡೆ ಕನಿಕರದಿಂದ ನೋಡಿದರು.

ಮನೆಯ ಹಿಂದಿನ ಕೋಣೆಯಲ್ಲಿ, ಕೆಟ್ಟ ಗಡಿಯಾರ ಮತ್ತು ಹೊಲಿಗೆ ಯಂತ್ರಗಳ ಹಲ್ಲುಚಕ್ರ ಜೋಡಿಸಿ ಮಾದರಿ ಮಾಡಿದರು. ಚೆನ್ನಾಗಿತ್ತು. ಹಿಡಿಕೆ ತಿರುಗಿಸಿದರೆ ಬುಧ ಓಡುತ್ತಿದ್ದ, ಗುರು ನಡೆಯುತ್ತಿದ್ದ, ತುದಿಯ ಪ್ಲೂಟೊ ಸರ್ಕಾರಿ ಕಡತದಂತೆ ತೆವಳುತ್ತಿದ್ದ.

ಆಗಸ್ಟ್ ಹದಿನೇಳರ ಬೆಳಿಗ್ಗೆ ನಾನಿನ್ನೂ ಷಟರ್ ಎತ್ತುತ್ತಿರುವಾಗಲೇ ಪೇಪರು ಹಿಡಿದುಕೊಂಡು ಬಂದರು.

“ಶೆಟ್ರೇ, ಹನ್ನೆರಡಾಯ್ತು!”

ಹಿಂದಿನ ವರ್ಷ ಪ್ಲೂಟೊಗಿಂತ ದೊಡ್ಡದೆನ್ನಿಸಿದ ಒಂದು ಗೋಳ ದೂರದಲ್ಲಿ ಸಿಕ್ಕಿತ್ತಂತೆ. ಪ್ಲೂಟೊ ಗ್ರಹವಾದರೆ ಅದೂ ಗ್ರಹವೇ ಆಗಬೇಕು. ಇಷ್ಟು ದಿನ ಗ್ರಹ ಎಂದರೇನು ಎಂದು ಯಾರೂ ಸರಿಯಾಗಿ ಬರೆದಿಟ್ಟಿರಲಿಲ್ಲವಾದ್ದರಿಂದ, ಪ್ರಾಗ್ ಎಂಬ ಊರಿನಲ್ಲಿ ಜಗತ್ತಿನ ಖಗೋಳಜ್ಞರು ಸೇರಿದ್ದರು. ಅವರ ಸಮಿತಿ ಎರಡು ಷರತ್ತು ಮುಂದಿಟ್ಟಿತ್ತು: ಸೂರ್ಯನನ್ನು ಸುತ್ತಬೇಕು, ತನ್ನ ಭಾರಕ್ಕೆ ತಾನೇ ದುಂಡಗಾಗಿರಬೇಕು. ಆ ಲೆಕ್ಕದಲ್ಲಿ ಮೂರು ಹೊಸಬರು ಒಳಗೆ ಬರುತ್ತಿದ್ದರು. ಹೊಸದಾಗಿ ಸಿಕ್ಕಿದ, ಇನ್ನೂ ಹೆಸರಿಡದ ಆ ಗೋಳ. ಪ್ಲೂಟೊವಿನ ಜೊತೆಗಾರ ಕೇರನ್. ಮಂಗಳ–ಗುರುಗಳ ನಡುವಿನ ಸೆರೆಸ್. ಸೆರೆಸ್ ಒಂದು ಕಾಲದಲ್ಲಿ ಗ್ರಹವೇ ಆಗಿತ್ತಂತೆ. ಅಕ್ಕಪಕ್ಕ ಅದರಂಥವೇ ಇನ್ನಷ್ಟು ಸಿಕ್ಕಿದ ಮೇಲೆ ಕೆಳಗಿಳಿಸಿದ್ದರು.

“ಸ್ವಾಮಿ, ಇಲ್ಲಿ ‘ಪ್ರಸ್ತಾವ’ ಅಂತಿದೆ. ಇನ್ನೂ ಓಟು ಹಾಕಬೇಕಂತೆ,” ಎಂದು ಸಾಲಿನ ಮೇಲೆ ಬೆರಳಿಟ್ಟೆ.

“ಸಮಿತಿ ಕರಡು ಅದು ಶೆಟ್ರೇ. ದೊಡ್ಡೋರು ಎರಡು ವರ್ಷ ಕೂತು ಮಾಡಿರೋದು. ಕರಡನ್ನ ಯಾರಾದ್ರೂ ಬೇಡ ಅಂತಾರಾ? ಓಟು ಅನ್ನೋದು ರುಜು ಹಾಕ್ದಂಗೆ. ಈ ಸಲ ನಾನು ಹಿಂದೆ ಬೀಳಲ್ಲ. ದೇಶದಲ್ಲೇ ಮೊದಲನೇ ಹನ್ನೆರಡು ಗ್ರಹದ ಮಾದರಿ ನಂದೇ.”

ರಜೆ ಹಾಕಿ ಕೂತರು. ಹೊಸದಾಗಿ ಮೂರು ತೋಳು, ಮೂರು ಗುಂಡು. ಹಳೆಯ ಫಲಕ ಎಸೆದು ಹೊಸದು ಕೆತ್ತಿಸಿದರು: ‘ಹನ್ನೆರಡು ಗ್ರಹಗಳ ಸೌರಮಂಡಲ.’ ಅಂಕಿಯನ್ನು ಹೆಸರಿಗಿಂತ ದಪ್ಪಗೆ ಹಾಕಿಸಿದ್ದರು.

ಹಾಲ್ ಉದ್ಘಾಟನೆ ಇಪ್ಪತ್ತೈದನೇ ತಾರೀಖು. ಇಪ್ಪತ್ತನಾಲ್ಕಕ್ಕೆ ಮಾದರಿಯನ್ನು ಟೆಂಪೋದಲ್ಲಿ ಕಳಿಸಿ ನಾವಿಬ್ಬರೂ ರೈಲು ಹತ್ತಿದೆವು. ಕಮಲಾ ಬರಲಿಲ್ಲ. ಗಂಡನ ಹೊಸ ಅಂಗಿಗೆ ಇಸ್ತ್ರಿ ಮಾಡಿ ಕೊಟ್ಟು, “ಫಲಕದ್ದೊಂದು ಫೋಟೋ ತಗೊಂಬನ್ನಿ,” ಎಂದರು.

ಮರುದಿನ ಬೆಳಿಗ್ಗೆ ವಿಶಾಖಪಟ್ಟಣದ ದ್ವಾರಕಾ ನಗರದ ಲಾಡ್ಜಿನಲ್ಲಿ ಪೇಪರು ಓದಿದವನು ನಾನು. ಪ್ರಾಗಿನಲ್ಲಿ ಖಗೋಳಜ್ಞರು ಹಳದಿ ಚೀಟಿ ಎತ್ತಿ ಓಟು ಹಾಕಿದ್ದರು. ಮೊದಲಿನ ಕರಡನ್ನು ಜಗಳವಾಡಿ ಮೂಲೆಗೆಸೆದಿದ್ದರು. ಈಗ ಮೂರನೇ ಷರತ್ತೊಂದು ಸೇರಿತ್ತು: ಗ್ರಹ ಎನ್ನಿಸಿಕೊಳ್ಳುವುದು ತನ್ನ ದಾರಿಯಲ್ಲಿರುವ ಚಿಲ್ಲರೆಗಳನ್ನೆಲ್ಲ ತೆರವು ಮಾಡಿ ಅಲ್ಲಿಗೆ ತಾನೊಬ್ಬನೇ ಯಜಮಾನನಾಗಿರಬೇಕು. ಗವರ್ನರ್‌ಪೇಟೆಯವರಿಗೆ ಇದೇನು ಹೊಸದಲ್ಲ; ಅಕ್ಕಪಕ್ಕದ ಅಂಗಡಿ ಮುಚ್ಚಿಸಿದವನನ್ನೇ ನಾವೂ ದೊಡ್ಡ ವ್ಯಾಪಾರಿ ಎನ್ನುವುದು. ಪ್ಲೂಟೊವಿನ ಕೈಲಿ ಅದಾಗಿರಲಿಲ್ಲ. ಮೂವರು ಹೊಸಬರ ಕೈಲೂ ಇಲ್ಲ. ಉಳಿದದ್ದು ಎಂಟು.

ಅಶ್ವತ್ಥ ಸುದ್ದಿಯನ್ನು ಮತ್ತೆ ಮತ್ತೆ ಓದಿದರು.

“ಕರಡನ್ನ... ಬದಲಾಯಿಸ್ಬಿಟ್ರಲ್ರೀ,” ಎಂದರು. ಪ್ಲೂಟೊ ಹೋದದ್ದಕ್ಕಿಂತ ಅದೇ ಅವರಿಗೆ ದೊಡ್ಡ ಆಘಾತವಾದಂತಿತ್ತು.

ಶಾಲೆಯಲ್ಲಿ ಹಾಲ್ ತುಂಬ ಮಕ್ಕಳು. ಮುಖ್ಯ ಅತಿಥಿಯಾಗಿ ಬಂದಿದ್ದವರು ನಿವೃತ್ತ ಶಿಕ್ಷಣಾಧಿಕಾರಿ. ಅದೇ ಪೇಪರು ಅವರ ಕಂಕುಳಲ್ಲೂ ಇತ್ತು. ಗ್ರಹವೆಂದರೇನೆಂಬುದು ಅವರಿಗೆ ತಿಳಿದದ್ದು ಆ ಬೆಳಗಿನ ಕಾಫಿಯ ಜೊತೆಗೇ ಇರಬೇಕು. ಆದರೆ ಹುಟ್ಟಿದಾಗಿನಿಂದ ತಿಳಿದವರ ಹಾಗೆ ಮಾದರಿಯ ಸುತ್ತ ಒಂದು ಸುತ್ತು ಹಾಕಿದರು.

“ಮಕ್ಕಳೇ, ಗ್ರಹಗಳು ಎಷ್ಟು?”

ಪೇಪರು ಓದಿಸಿಕೊಂಡು ಬಂದಿದ್ದ ಮಕ್ಕಳು ಕಿರುಚಿದರು: “ಎಂಟು!”

“ಇದರಲ್ಲಿ ಎಣಿಸಿ ನೋಡೋಣ.”

ಮಕ್ಕಳು ರಾಗವಾಗಿ ಎಣಿಸಿದರು. ಎಂಟು ದಾಟಿದ ಮೇಲೆ ಒಂದೊಂದು ಅಂಕಿಗೂ ನಗು ಏರಿತು. ಹನ್ನೆರಡಕ್ಕೆ ಇಡೀ ಹಾಲ್ ಹೊರಳಾಡಿತು.

“ಪರವಾಗಿಲ್ಲಮ್ಮಾ,” ಎಂದರು ಅತಿಥಿಗಳು ಸೂರ್ಯಕಾಂತಮ್ಮನವರಿಗೆ, “ಎಂಟು ಕೇಳಿದರೆ ಹನ್ನೆರಡು ಕೊಟ್ಟಿದ್ದಾರೆ. ಧಾರಾಳ ಮನುಷ್ಯ.”

ಅಶ್ವತ್ಥ ಎದ್ದು, “ಸರ್, ಮೊದಲಿನ ಪ್ರಸ್ತಾವದ ಪ್ರಕಾರ...” ಎಂದರು. ಯಾರಿಗೂ ಕೇಳಿಸಲಿಲ್ಲ.

ಸೂರ್ಯಕಾಂತಮ್ಮ ನಗುತ್ತಲೇ, ಕನ್ನಡ–ತೆಲುಗು ಬೆರೆಸಿದ ತಮ್ಮ ಮರ್ಯಾದೆಯ ಮಾತಿನಲ್ಲಿ, “ಅಶ್ವತ್ಥ ಗಾರೂ, ಏಮೀ ಅನುಕೋಕಂಡಿ, ಬೇಜಾರಾಗಬೇಡಿ. ಆ ನಾಲ್ಕನ್ನೂ ನೀವೇ ತೆಗೆದುಬಿಡಿ. ಮಕ್ಕಳೂ ನೋಡಿ ಕಲೀತಾರೆ,” ಎಂದರು.

ಸ್ಕ್ರೂಡ್ರೈವರ್ ಬಂತು. ಹೊಸ ಅಂಗಿಯಲ್ಲಿ, ಮೊಣಕಾಲೂರಿ, ತಾವೇ ಬಿಗಿದದ್ದನ್ನು ತಾವೇ ಬಿಚ್ಚಿದರು. ಒಂದೊಂದು ಗುಂಡು ಕಳಚಿದಾಗಲೂ ಮಕ್ಕಳು ಚಪ್ಪಾಳೆ ತಟ್ಟಿದರು. ನಾಲ್ಕೂ ಜೇಬಿಗೆ ಹೋದವು. ಎದ್ದು ನಿಲ್ಲುವಷ್ಟರಲ್ಲಿ ಅತಿಥಿಗಳು ಫಲಕ ಓದಿದರು.

“ಇದು? ಇದರಲ್ಲೂ ಹನ್ನೆರಡು ಅಂತಿದೆಯಲ್ಲ.”

“ಅದನ್ನೂ ತೆಗೆದುಬಿಡಿ ಅಂಡೀ,” ಎಂದರು ಸೂರ್ಯಕಾಂತಮ್ಮ. “ಬೇರೆ ಮಾಡಿಸಿ ಹಾಕೋಣ.”

ಬೇರೆ ಮಾಡಿಸಲಿಲ್ಲ. ಅಶ್ವತ್ಥರೂ ಕೇಳಲಿಲ್ಲ. ಹೆಂಡತಿಗೆ ಮಾತ್ರ, ‘ಕ್ಯಾಮೆರಾ ಕೈಕೊಟ್ಟಿತು, ಆದರೆ ಹೆಸರು ಥಳಥಳ ಹೊಳೆಯುತ್ತಿದೆ’ ಎಂದು ಹೇಳಿದ್ದರು. ನನಗೆ ಇದು ತಿಳಿದದ್ದು ಮರುವರ್ಷ, ಅವರಿಗೆ ಊರ ಕಡೆಗೆ ವರ್ಗವಾದಾಗ. ನಾನು ಚಾರ್ಟು ಕೊಡಲು ವಿಶಾಖಪಟ್ಟಣಕ್ಕೆ ಹೊರಟಿದ್ದೆ.

“ನಾವೂ ಬರ್ತೀವಿ ಶೆಟ್ರೇ,” ಎಂದರು ಕಮಲಾ. “ಹೋಗೋಕ್ ಮುಂಚೆ ಇವ್ರ ಹೆಸ್ರು ನೋಡ್ಬೇಕು.”

ಅಶ್ವತ್ಥ ಸೆಕೆ ಎಂದರು, ರಜೆಯಿಲ್ಲ ಎಂದರು, ಸೊಂಟ ನೋವೆಂದರು. ಕಮಲಾ ಬುತ್ತಿ ಕಟ್ಟಿಯಾಗಿತ್ತು.

ವಿಜ್ಞಾನದ ಟೀಚರ್ ಹೈಮಾವತಿ ಹಾಲ್ ತೆರೆದು ಹಿಡಿಕೆ ತಿರುಗಿಸಿ ತೋರಿಸಿದರು. ಎಂಟು ಗ್ರಹ ಕಿರುಗುಟ್ಟುತ್ತ ಸುತ್ತಿದವು. ಕಮಲಾ ಪೀಠದ ಸುತ್ತ ಬಗ್ಗಿ ಬಗ್ಗಿ ನೋಡಿದರು. ಫಲಕವಿದ್ದ ಜಾಗದಲ್ಲಿ ನಾಲ್ಕು ತೂತುಗಳಿದ್ದವು.

“ಇದನ್ನ ಮಾಡಿದ್ಯಾರು?” ಎಂದು ತೆಲುಗಿನಲ್ಲಿ ಕೇಳಿದರು.

ಹೈಮಾವತಿ ಹಿಡಿಕೆಯ ಕೆಳಗೆ ಬೆರಳು ತೋರಿಸಿದರು. ಅಲ್ಲಿ ನನ್ನ ಅಂಗಡಿಯ ಚೀಟಿ ಅಂಟಿತ್ತು. ಸಾಗಿಸುವ ಎಲ್ಲ ಮಾಲಿಗೂ ಅಂಟಿಸುವಂಥದ್ದು: ಅಂಗಡಿಯ ಹೆಸರು, ಊರು. ಅದರಲ್ಲಿ ಅಂಕಿ ಇರಲಿಲ್ಲ, ಉಳಿದುಕೊಂಡಿತ್ತು.

“ಇವರೇ,” ಎಂದು ಹೈಮಾವತಿ ನನ್ನ ಕಡೆ ತಿರುಗಿ ನಕ್ಕರು.

ಅಶ್ವತ್ಥ ಕಿರುಗುಟ್ಟುವ ಚಕ್ರದ ಕಡೆ ಕೈಚಾಚಿ, “ಎರಡನೇ ಚಕ್ರಕ್ಕೆ ಎಣ್ಣೆ...” ಎಂದರು.

“ಸಾರ್, ದಯವಿಟ್ಟು ಮುಟ್ಟಬೇಡಿ.”

ಅವರು ಕೈ ಹಿಂದಕ್ಕೆಳೆದುಕೊಂಡರು. ಕಮಲಾ ಗಂಡನನ್ನು ನೋಡಿದರು, ತೂತುಗಳನ್ನು ನೋಡಿದರು, ಕೊನೆಗೆ ನನ್ನನ್ನು.

“ಚೆನ್ನಾಗಿ ಮಾಡಿದೀರ ಶೆಟ್ರೇ,” ಎಂದರು.

ನಾನು ಕೈಮುಗಿದೆ. ಬಂದ ಹೊಗಳಿಕೆಯನ್ನು ವಾಪಸು ಕೊಡುವ ಪದ್ಧತಿ ನಮ್ಮ ವ್ಯಾಪಾರದಲ್ಲಿಲ್ಲ.