ಹೆಡ್‌ಮಾಸ್ಟರರ ಲೋಟಕ್ಕೆ ಬೀಳದ ಕಾಫಿ

ತುರ್ತು ಪರಿಸ್ಥಿತಿ ಮುಗಿದದ್ದೇ ತಡ, ತುಮಕೂರಿನಲ್ಲಿ ಎಲ್ಲರೂ ಶೂರರಾದರು. ಅದು ಇದ್ದಷ್ಟು ದಿನ ಹೋಟೆಲಿನಲ್ಲಿ ಪೇಪರ್ ಓದುವಾಗಲೂ ಹಿಂದೆ ಮುಂದೆ ನೋಡುತ್ತಿದ್ದವರು ಈಗ ಸ್ವಾತಂತ್ರ್ಯದ ಬಗ್ಗೆ ಗಂಟೆಗಟ್ಟಲೆ ಕೊರೆಯತೊಡಗಿದರು. ಅಂಥವರದೇ ಒಂದು ಗುಂಪು ಭಾನುವಾರಗಳಂದು ವಕೀಲರೊಬ್ಬರ ಮನೆಯ ಮಹಡಿಯಲ್ಲಿ ಸೇರುತ್ತಿತ್ತು. ಗುಬ್ಬಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ನಾನೂ ಬಸ್ಸು ಹಿಡಿದು ಹೋಗುತ್ತಿದ್ದೆ.

ಆವತ್ತು ಮಾತಾಡುವ ಸರದಿ ನನ್ನದು. ಸ್ಪೇನ್ ದೇಶದ ಉದಾರವಾದಿ ತತ್ವಜ್ಞಾನಿಯೊಬ್ಬರನ್ನು ಆರಿಸಿಕೊಂಡಿದ್ದೆ. ಅಧಿಕಾರ ಯಾರ ಕೈಯಲ್ಲಿದೆ ಎಂಬುದಕ್ಕಿಂತ ಅದಕ್ಕೆ ಮಿತಿ ಎಲ್ಲಿದೆ ಎಂಬುದೇ ಅವರಿಗೆ ಮುಖ್ಯ. ಬಹುಮತದವರೇ ಆಳುತ್ತಿದ್ದರೂ ತಮಗೆ ಆಗದವರಿಗೆ ಬದುಕಲು, ಬಾಯಿ ಬಿಡಲು ಜಾಗ ಕೊಡಬೇಕು, ಆ ದೊಡ್ಡತನವಿಲ್ಲದಿದ್ದರೆ ನಾಗರಿಕ ಹಕ್ಕುಗಳೆಲ್ಲ ಬರೀ ಬೂಟಾಟಿಕೆ ಎಂದು ವಿವರಿಸಿದೆ. ವಕೀಲರು ತಲೆದೂಗಿದರು. ಚಪ್ಪಾಳೆಯೂ ಬಿತ್ತು.

ಆಗ ಕುಣಿಗಲ್‌ನಿಂದ ಬರುತ್ತಿದ್ದ ನಿವೃತ್ತ ಹೆಡ್‌ಮಾಸ್ಟರು ಎದ್ದು ನಿಂತರು.

"ಎಮರ್ಜೆನ್ಸೀಲಿ ಏನ್ ಕೆಟ್ಟೋಗಿತ್ತು ಹೇಳಿ? ಬಸ್ಸು ಟೈಮಿಗೆ ಬರ್ತಿತ್ತು. ಗುಮಾಸ್ತರು ಸೀಟಲ್ಲಿ ಇರ್ತಿದ್ರು. ಸಂತಾನಹರಣದ ಕ್ಯಾಂಪಿಗೆ ನಾನೇ ಜನಾನ ಎಳ್ಕಂಡೋಗಿದೀನಿ. ಅತ್ರು, ಕಾಲಿಗೆ ಬಿದ್ರು. ಬಿಟ್ಟಿದ್ರೆ ದೇಶ ಉದ್ಧಾರ ಆಗ್ತಿತ್ತಾ?"

ಹಾಗೆ ಕ್ಯಾಂಪಿಗೆ ಸಿಕ್ಕಿಬಿದ್ದವರಲ್ಲಿ ಮದುವೆಯೂ ಆಗಿರದ ಹುಡುಗರಿದ್ದರೆಂದು ಕೇಳಿದ್ದೆ. ಈತನ ಮುಖದಲ್ಲಿ ಹೆಮ್ಮೆ ಬಿಟ್ಟರೆ ಇನ್ನೇನೂ ಇರಲಿಲ್ಲ.

ವಕೀಲರು ಮೇಜು ಗುದ್ದಿದರು. "ಇಂಥ ಮಾತಿಗೆ ಇಲ್ಲಿ ಜಾಗ ಇಲ್ಲ ಸಾರ್. ಇನ್ಮೇಲೆ ನೀವು ಈ ಮಹಡಿ ಹತ್ತಬೇಡಿ." ಯಾರಿಗೆ ಒಪ್ಪಿಗೆ ಎಂದು ಕೇಳಿದರು. ಈಗಷ್ಟೇ ಚಪ್ಪಾಳೆ ತಟ್ಟಿದ ಕೈಗಳೆಲ್ಲ ಮೇಲೆದ್ದವು.

ಅಷ್ಟರಲ್ಲಿ ಕಾಫಿ ಬಂತು. ವಕೀಲರೇ ಫ್ಲಾಸ್ಕ್ ಹಿಡಿದು ಒಬ್ಬೊಬ್ಬರಿಗೂ ಬಗ್ಗಿಸುತ್ತಾ ಬಂದು, ಹೆಡ್‌ಮಾಸ್ಟರರ ಲೋಟ ದಾಟಿ ಮುಂದೆ ಹೋದರು. ನಮ್ಮ ಚೇಳೂರಿನ ಕಡೆ ಕುಲದಿಂದ ಹೊರಗಿಟ್ಟವರ ಮನೆಗೆ ಒಲೆ ಹಚ್ಚಲು ಕೆಂಡವನ್ನೂ ಕೊಡುತ್ತಿರಲಿಲ್ಲ. ಅದು ಕಾಡುಜನರ ಪದ್ಧತಿ ಎಂದು ಪತ್ರಿಕೆಗೆ ಬರೆದವರು ಇದೇ ವಕೀಲರು. ಹೆಡ್‌ಮಾಸ್ಟರರ ಮೇಲಿದ್ದ ಹೇಸಿಗೆಯ ಜೊತೆಗೆ ಈಗ ಇವರೆಲ್ಲರ ಮೇಲೂ ಹೇಸಿಗೆಯಾಯಿತು.

ನಾನು ಎದ್ದು ಫ್ಲಾಸ್ಕ್ ಇಸಿದುಕೊಂಡೆ.

"ಏನ್ ಮೇಷ್ಟ್ರೇ, ಅವ್ರು ಹೇಳಿದ್ದು ನಿಮ್ಗೂ ಒಪ್ಪಿಗೇನಾ?" ಎಂದರು ವಕೀಲರು.

"ಇಲ್ಲ. ಕೇಳಿದ್ರೆ ವಾಂತಿ ಬರುತ್ತೆ. ಆದ್ರೆ ಅವ್ರನ್ನ ಕಳಿಸಿದ್ರೆ ನಾನು ಇಷ್ಟೊತ್ತು ಒದರಿದ್ದೆಲ್ಲ ಸುಳ್ಳು. ಅವ್ರು ಹೋಗೋದಾದ್ರೆ ನಾನೂ ಇನ್ಮೇಲೆ ಬರಲ್ಲ."

"ಆಯ್ತು, ನಿಮ್ಮಿಷ್ಟ," ಎಂದು ವಕೀಲರು ತಮ್ಮ ಲೋಟ ಎತ್ತಿಕೊಂಡು ಕುಳಿತರು. ನಾನು ಹೆಡ್‌ಮಾಸ್ಟರರ ಲೋಟಕ್ಕೆ ಕಾಫಿ ಬಗ್ಗಿಸಿದೆ. ಅವರು ಆರಾಮವಾಗಿ ಒಂದು ಗುಟುಕು ಕುಡಿದು ಬಾಯಿ ಒರೆಸಿಕೊಂಡರು.

"ಕಾಫಿ ಚೆನ್ನಾಗಿದೆ. ಮತ್ತೆ ಆ ಕಾಲ ಬಂದ್ರೆ ಮೊದ್ಲು ನಿಮ್ಮನ್ನೇ ಒಳಗೆ ಹಾಕಿಸ್ತೀನಿ ಮೇಷ್ಟ್ರೇ. ಹುಡುಗ್ರ ತಲೆ ಕೆಡಿಸ್ತಾ ಇದೀರ."

ತಮಾಷೆಗೆ ಹೇಳಿದ್ದಲ್ಲ. ಆ ಮನುಷ್ಯ ಹೇಳಿದ್ದನ್ನು ಮಾಡಿಯೇ ತೀರುವವರ ಪೈಕಿ. ಫ್ಲಾಸ್ಕಿನಲ್ಲಿ ಉಳಿದದ್ದನ್ನು ಅವರ ತಲೆಯ ಮೇಲೆ ಸುರಿಯಬೇಕೆನ್ನಿಸಿತು. ಬಿರಡೆ ಒತ್ತಿ ಕೆಳಗಿಟ್ಟೆ.

"ಮುಂದಿನ ಭಾನುವಾರ ನಿಮ್ಮ ಸರದಿ ಸಾರ್," ಎಂದೆ. "ತಯಾರಾಗಿ ಬನ್ನಿ."